ಕಾಡಿಗಾಗಿ ಹಣ ಕೂಡಿಸುವ ಮುನ್ನ: ಹಳೆಯ ವಿದ್ಯಾರ್ಥಿ ಸಂಘವೊಂದರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನ ಹಳೆಯ ವಿದ್ಯಾರ್ಥಿಗಳು. ಸಂಘದಲ್ಲಿ ಸುಮಾರು 140 ಜನ ಸದಸ್ಯರಿದ್ದೇವೆ. ಜನವರಿಯ ಸಮ್ಮಿಲನದ ಹೊತ್ತಿಗೆ 5 ಲಕ್ಷ ರೂಪಾಯಿ ಸಂಗ್ರಹಿಸಿ, ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿರುವ ಸಂಸ್ಥೆಯೊಂದಕ್ಕೆ ಕೊಡಬೇಕೆಂಬುದು ನಮ್ಮ ಆಸೆ. ಸಂಗೀತ ಸಂಜೆ ಮತ್ತು ಲಕ್ಕಿ ಡಿಪ್ ಏರ್ಪಡಿಸಿ, ಹಣವನ್ನು ಸದ್ಯಕ್ಕೆ ಖಜಾಂಚಿಯವರ ಉಳಿತಾಯ ಖಾತೆಗೆ ಹಾಕಿಸಿಕೊಳ್ಳುವ ಯೋಚನೆಯಿದೆ. ದುಬೈ ಮತ್ತು ಅಮೆರಿಕದಲ್ಲಿರುವ ಗೆಳೆಯರೂ ಕೊಡಲು ಸಿದ್ಧರಿದ್ದಾರೆ. ಯಾವ ಸಂಸ್ಥೆಗೆ ಕೊಡುವುದು ಸೂಕ್ತ? ಹಣ ಸಂಗ್ರಹಿಸುವ ಸರಿಯಾದ ಕ್ರಮ ಯಾವುದು? ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೊತ್ತವಿದೆ, ದಿನಾಂಕವಿದೆ, ಕಾರ್ಯಕ್ರಮದ ಯೋಜನೆಯೂ ಇದೆ, ಆ ಹಣದಿಂದ ಯಾವ ಕೆಲಸ ನಡೆಯಬೇಕು ಎಂಬುದು ಮಾತ್ರ ಇಲ್ಲ. ನನ್ನ ಉತ್ತರದ ಬಹುಭಾಗ ಅದರ ಸುತ್ತಲೇ ಇರುತ್ತದೆ. ಏಕೆಂದರೆ ಕೆಲಸ ನಿಶ್ಚಯವಾದರೆ ಸಂಸ್ಥೆಯ ಆಯ್ಕೆ ಅರ್ಧ ಮುಗಿದಂತೆ, ಮತ್ತು ಜನರ ಮುಂದೆ ಕೈಚಾಚಿದಾಗ ಹೇಳಬೇಕಾದ ಮಾತೂ ತಾನಾಗಿ ಸಿಗುತ್ತದೆ.

ವನ್ಯಜೀವಿ ಸಂರಕ್ಷಣೆಗೆ ದೇಣಿಗೆ ಎಂದೊಡನೆ ನಮ್ಮ ಮನಸ್ಸು ಕ್ಯಾಮೆರಾ, ಜೀಪು, ಡ್ರೋನ್‌ಗಳ ಕಡೆಗೆ ಓಡುತ್ತದೆ. ಇವುಗಳನ್ನು ಕೊಡಿಸುವವರು ಸಾಕಷ್ಟು ಜನ ಸಿಗುತ್ತಾರೆ, ಏಕೆಂದರೆ ವಸ್ತುವಿನ ಮೇಲೆ ದಾನಿಯ ಹೆಸರು ಬರೆಸಬಹುದು, ಹಸ್ತಾಂತರದ ಚಿತ್ರ ತೆಗೆಸಿಕೊಳ್ಳಬಹುದು. ಆದರೆ ಕ್ಷೇತ್ರದಲ್ಲಿ ಕೆಲಸ ನಿಲ್ಲುವುದು ಬಹುತೇಕ ಕ್ಯಾಮೆರಾ ಇಲ್ಲದ ಕಾರಣಕ್ಕಲ್ಲ. ಅದನ್ನು ಮರಕ್ಕೆ ಕಟ್ಟಿ, ವಾರಕ್ಕೊಮ್ಮೆ ಹೋಗಿ ಬ್ಯಾಟರಿ ಬದಲಿಸಿ, ಬಂದ ಚಿತ್ರಗಳನ್ನು ವಿಂಗಡಿಸುವ ಸ್ಥಳೀಯ ಯುವಕನಿಗೆ ಸಂಬಳ ಕೊಡಲು ಹಣವಿಲ್ಲದ ಕಾರಣಕ್ಕೆ. ಸಂಬಳ, ಪೆಟ್ರೋಲು, ವಿಮೆ, ಲೆಕ್ಕಪತ್ರ ಇವು ಯಾರ ಕಣ್ಣಿಗೂ ಬೀಳದ ಖರ್ಚುಗಳು, ಮತ್ತು ಪ್ರತಿ ತಿಂಗಳೂ ಬರುವ ಖರ್ಚುಗಳು. ನಿಮ್ಮಂಥ ಸಣ್ಣ ಸಂಘವೊಂದು ನಿಜವಾಗಿ ನೆರವಾಗಬಲ್ಲ ಜಾಗ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ನಿದರ್ಶನ ಕೊಡುತ್ತೇನೆ. ಮೈಸೂರಿನಲ್ಲಿ 1996ರಲ್ಲಿ ಆರಂಭವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆ ಅರುಣಾಚಲ ಪ್ರದೇಶದ ಪಕ್ಕೆ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ, ಅಲ್ಲಿನ ಅರಣ್ಯ ಇಲಾಖೆ ಮತ್ತು ನ್ಯಿಶಿ ಸಮುದಾಯದ ಊರುಗಳ ಜೊತೆಗೂಡಿ, ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳ ಗೂಡನ್ನು ದತ್ತು ಕೊಡುವ ಕಾರ್ಯಕ್ರಮವೊಂದನ್ನು ಕಟ್ಟಿದೆ. ಮಂಗಟ್ಟೆಯ ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಸೇರಿಕೊಂಡು, ಕೊಕ್ಕಿನಷ್ಟೇ ಸಂದು ಬಿಟ್ಟು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಅದಕ್ಕೂ ಆಮೇಲೆ ಮರಿಗೂ ಗಂಡೇ ಹಣ್ಣು ತಂದು ಆ ಸಂದಿನ ಮೂಲಕ ಉಣಿಸಬೇಕು. ಆ ಅವಧಿಯಲ್ಲಿ ಯಾರಾದರೂ ಗಂಡುಹಕ್ಕಿಯೊಂದನ್ನು ಹೊಡೆದರೆ ಒಳಗಿರುವ ತಾಯಿ, ಮರಿಗಳ ಜೀವವೂ ಅಪಾಯಕ್ಕೆ ಸಿಲುಕುತ್ತದೆ. ಹಾಗಾಗಿ ಗೂಡಿನ ಕಾವಲು ಎಂದರೆ ಕುಟುಂಬವೊಂದರ ಕಾವಲು. ಊರುಗಳಲ್ಲಿ ಅರಸಿ ನೇಮಿಸಿದ ಗೂಡುಕಾವಲಿನವರು, ಅವರಲ್ಲಿ ಹಿಂದೆ ಬೇಟೆಯಾಡುತ್ತಿದ್ದವರೂ ಇದ್ದಾರೆ, ಗೂಡುಗಳನ್ನು ಹುಡುಕಿ, ಮತ್ತೆ ಮತ್ತೆ ಹೋಗಿ ನೋಡಿ ದಾಖಲಿಸುತ್ತಾರೆ. ನಗರದಲ್ಲಿ ಕುಳಿತು ಗೂಡು ದತ್ತು ಪಡೆದವರ ಹಣ ಈ ಕಾವಲಿನವರ ಸಂಬಳಕ್ಕೆ ಸಲ್ಲುತ್ತದೆ. ಈ ಕೆಲಸದ ಹಿಂದಿರುವ ವಿಜ್ಞಾನಿ ಅಪರಾಜಿತಾ ದತ್ತ ಅವರಿಗೆ 2013ರಲ್ಲಿ, ವನ್ಯಜೀವಿ ಸಂರಕ್ಷಣೆಗಾಗಿ ಬ್ರಿಟನ್ನಿನಲ್ಲಿ ಕೊಡುವ ವಿಟ್ಲಿ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ನಾನು ಮೆಚ್ಚುವುದು ಮನವಿಯ ಸ್ವರೂಪವನ್ನು: ದಾನಿಗೆ ಹಕ್ಕಿಯ ಆಸೆ ತೋರಿಸಿ, ಹಣವನ್ನು ಮನುಷ್ಯನ ಕೂಲಿಗೆ ಬಳಸುವ ವಿಷಯವನ್ನು ಇಲ್ಲಿ ಮುಚ್ಚಿಟ್ಟಿಲ್ಲ, ಅದನ್ನೇ ಎದುರಿಗಿಟ್ಟು ಕೇಳಲಾಗಿದೆ.

ನಮ್ಮ ಕೊಕ್ಕರೆ ಬೆಳ್ಳೂರಿನದೂ ಇಂಥದೇ ಪಾಠ. ಮದ್ದೂರು ತಾಲ್ಲೂಕಿನ ಈ ಊರಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಕಾಲವೂ ಹುಣಸೆ ಬಲಿತು ಬಡಿಯುವ ಕಾಲವೂ ಒಂದರ ಮೇಲೊಂದು ಬರುತ್ತವೆ. ಮರ ಏರಿ ಕೊಂಬೆ ಅಲುಗಿಸಿದರೆ ಮೊಟ್ಟೆ, ಮರಿ ಉಳಿಯುವುದಿಲ್ಲ. ಅಲುಗಿಸದಿದ್ದರೆ ಮರದ ಯಜಮಾನನಿಗೆ ಆ ವರ್ಷದ ಫಸಲಿಲ್ಲ. ಅರಣ್ಯ ಇಲಾಖೆ ಮರಗಳ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ಹುಟ್ಟಿದ್ದು ಈ ಲೆಕ್ಕದಿಂದ. ಗೂಡಿನಿಂದ ಕೆಳಗೆ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಆವರಣವೊಂದರಲ್ಲಿಟ್ಟು, ಹಾರುವಷ್ಟು ಬೆಳೆಯುವವರೆಗೆ ಮೀನು ಹಾಕಿ ಸಾಕುವ ಕೆಲಸವನ್ನು ಊರಿನ ಹೆಜ್ಜಾರ್ಲೆ ಬಳಗದ ಯುವಕರು ಮಾಡುತ್ತ ಬಂದಿದ್ದಾರೆ. ಆ ಮೀನನ್ನು ಪ್ರತಿದಿನ ಕೊಳ್ಳಬೇಕು. ಸಂರಕ್ಷಣೆ ಎಂಬ ದೊಡ್ಡ ಮಾತಿನ ಖರ್ಚುಪಟ್ಟಿಯಲ್ಲಿ ಇರುವುದು ಕೊನೆಗೆ ಇಂಥವೇ: ಒಂದು ಬುಟ್ಟಿ ಮೀನು, ಬಿಟ್ಟುಕೊಟ್ಟ ಹುಣಸೆ ಫಸಲಿನ ಬೆಲೆ, ಮರಿಗಳನ್ನು ನೋಡಿಕೊಳ್ಳುವವನ ದಿನಗೂಲಿ.

ನಿಮ್ಮ ಜಿಲ್ಲೆಗೆ ಹತ್ತಿರವಾದ ವಿಷಯವನ್ನೂ ಹೇಳಬೇಕು. ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಆನೆಗಳ ಓಡಾಟ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇದಕ್ಕೆ ಹೋಲುವ ಪರಿಸ್ಥಿತಿಯಿರುವ ತಮಿಳುನಾಡಿನ ವಾಲ್ಪಾರೈಯಲ್ಲಿ, ಮೇಲೆ ಹೇಳಿದ ಸಂಸ್ಥೆಯೇ ಆನೆಗಳು ಎಲ್ಲಿವೆ ಎಂಬ ಸುದ್ದಿಯನ್ನು ಕೇಬಲ್ ಟಿವಿಯ ಮೂಲಕ, ಮೊಬೈಲ್ ಸಂದೇಶದ ಮೂಲಕ, ಎತ್ತರದ ಕಂಬಗಳ ಮೇಲಿನ ಕೆಂಪು ದೀಪಗಳ ಮೂಲಕ ತೋಟದ ಕಾರ್ಮಿಕರಿಗೆ ಮುಟ್ಟಿಸುವ ವ್ಯವಸ್ಥೆ ರೂಪಿಸಿತು. ಸಂಜೆ ಬಸ್ಸಿಳಿದು ಲೈನ್ ಮನೆಗೆ ನಡೆದು ಹೋಗುವವರಿಗೆ ದಾರಿಯಲ್ಲಿ ಆನೆಯಿದೆ ಎಂಬ ಒಂದು ಮಾತು ಮುಂಚೆ ತಿಳಿದರೆ ಜೀವ ಉಳಿಯುತ್ತದೆ, ಮತ್ತು ಜೀವ ಉಳಿದ ಊರಿನಲ್ಲಿ ಆನೆಯ ಮೇಲಿನ ಸಿಟ್ಟು ಅಷ್ಟರಮಟ್ಟಿಗೆ ತಗ್ಗುತ್ತದೆ. ದೀಪಕ್ಕಿಂತ ಮುಖ್ಯವಾದದ್ದು, ಹಿಂಡಿನ ಹಿಂದೆ ದಿನವೂ ಅಲೆದು ಸುದ್ದಿ ಕೊಡುವ ಮನುಷ್ಯ. ಹಾಸನ ಜಿಲ್ಲೆಯವರಾದ ನೀವು ಹುಲಿಯ ಹೆಸರಿನಲ್ಲಿ ದೂರದ ಕಾಡಿಗೆ ಹಣ ಕಳಿಸುವುದಕ್ಕಿಂತ, ನಿಮ್ಮ ಸುತ್ತಲಿನ ಇಂಥ ಕೆಲಸಕ್ಕೆ ಕೊಡುವುದನ್ನು ಮೊದಲು ಪರಿಶೀಲಿಸಿ ಎಂದು ಸಲಹೆ ಮಾಡುತ್ತೇನೆ. ಬಂಡೀಪುರ, ನಾಗರಹೊಳೆಯ ಸುತ್ತ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2015ರಲ್ಲಿ ಆರಂಭಿಸಿದ ವೈಲ್ಡ್ ಸೇವೆಯೂ ಇದೇ ದಾರಿಯದು: ಬೆಳೆ ಹಾನಿಯಾದ, ಜಾನುವಾರು ಕಳೆದುಕೊಂಡ ರೈತರು ಉಚಿತ ಸಂಖ್ಯೆಗೆ ಕರೆ ಮಾಡಿದರೆ ಸಿಬ್ಬಂದಿ ಸ್ಥಳಕ್ಕೆ ಬಂದು, ಸರ್ಕಾರದ ಪರಿಹಾರಕ್ಕೆ ಬೇಕಾದ ಅರ್ಜಿ ಸಿದ್ಧಪಡಿಸಲು ನೆರವಾಗುತ್ತಾರೆ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿರುವ ರೈತನಿಗೆ ಇಂಥ ನೆರವಿನ ಬೆಲೆ ಎಷ್ಟೆಂದು ನಿಮ್ಮ ಸದಸ್ಯರಲ್ಲಿ ಹಳ್ಳಿಯವರಾದ ಯಾರನ್ನು ಕೇಳಿದರೂ ಹೇಳುತ್ತಾರೆ.

ಇಷ್ಟರ ಮೇಲೆ, ಒಮ್ಮೆಗೇ ಕೊಡುವ 5 ಲಕ್ಷಕ್ಕಿಂತ ತಿಂಗಳು ತಿಂಗಳು ಬರುವ ಸಣ್ಣ ಹಣವೇ ಸಂಸ್ಥೆಗೆ ಹೆಚ್ಚು ಉಪಯೋಗ ಎಂಬುದನ್ನು ಗಮನಿಸಿ. ನಿಮ್ಮ 140 ಜನ ತಲಾ 300 ರೂಪಾಯಿಯನ್ನು ಯುಪಿಐ ಆಟೋಪೇ ಮೂಲಕ ತಿಂಗಳಿಗೊಮ್ಮೆ ಕೊಟ್ಟರೆ ತಿಂಗಳಿಗೆ 42,000, ವರ್ಷಕ್ಕೆ 5,04,000 ರೂಪಾಯಿಯಾಗುತ್ತದೆ. ಸಂಗೀತ ಸಂಜೆಯಿಲ್ಲದೆಯೇ ನಿಮ್ಮ ಗುರಿ ಮುಟ್ಟುತ್ತದೆ. ಮೂರು ವರ್ಷ ಹೀಗೆ ಕೊಡುತ್ತೇವೆಂದು ಮಾತು ಕೊಡಬಲ್ಲಿರಾದರೆ ಸಂಸ್ಥೆಯು ಧೈರ್ಯವಾಗಿ ಇಬ್ಬರು ಸ್ಥಳೀಯರನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದು. ಒಂದೇ ಸಲದ ದೇಣಿಗೆ ನಂಬಿಕೊಂಡು ಯಾರೂ ಹಾಗೆ ನೇಮಿಸಲಾರರು. ಎಲ್ಲರೂ ಕೊನೆಯವರೆಗೆ ಉಳಿಯುವುದಿಲ್ಲ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು, ಕೊಡಬಲ್ಲವರಿಂದ 500 ಅಥವಾ 1,000 ಕೇಳಿ, ಸಂಸ್ಥೆಗೆ ಕೊಡುವ ಮಾತನ್ನು ಸ್ವಲ್ಪ ಕಡಿಮೆಯೇ ಇಟ್ಟುಕೊಳ್ಳಿ.

ಅವಘಡದ ಹೊತ್ತಿನಲ್ಲಿ ಮಾತ್ರ ಹರಿದು ಬರುವ ಹಣದ ತೊಂದರೆಯೂ ಇದಕ್ಕೆ ಸಂಬಂಧಿಸಿದ್ದೇ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಬಿದ್ದಾಗ ನಾಡಿನ ಮೂಲೆಮೂಲೆಯಿಂದ ಜನ ನೀರು, ಆಹಾರ ಹೊತ್ತು ಧಾವಿಸಿದರು. ಆ ಕಳಕಳಿ ನಿಜವಾದದ್ದು. ಆದರೆ ಬೆಂಕಿಯನ್ನು ತಡೆಯುವ ಕೆಲಸ, ಅಂದರೆ ಬೆಂಕಿ ರೇಖೆ (ಬೆಂಕಿ ದಾಟದಂತೆ ಗಿಡ, ಹುಲ್ಲು ತೆಗೆದ ಪಟ್ಟಿ) ಸವರುವುದು, ಬೇಸಿಗೆಗೆ ಕಾವಲಿನವರನ್ನು ಗೊತ್ತುಮಾಡುವುದು, ಕಾಡಂಚಿನ ಊರುಗಳ ಜೊತೆ ಮಾತಾಡುವುದು, ಇವೆಲ್ಲ ಚಳಿಗಾಲದಲ್ಲೇ ಆಗಬೇಕು. ಆಗ ಕಾಡು ಸುದ್ದಿಯಲ್ಲಿರುವುದಿಲ್ಲ.

ಪ್ರಾಣಿ ಸಂಗ್ರಹಾಲಯಕ್ಕೆ ಕೊಡುವುದೂ ವನ್ಯಜೀವಿ ಸಂರಕ್ಷಣೆಯೇ ಎಂದು ಹಲವರು ಕೇಳುತ್ತಾರೆ. 1892ರಲ್ಲಿ ಸ್ಥಾಪನೆಯಾದ ಮೈಸೂರಿನ ಚಾಮರಾಜೇಂದ್ರ ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ಪಡೆಯುವ ವ್ಯವಸ್ಥೆ ಸುಸೂತ್ರವಾಗಿದೆ. 2021ರ ಲಾಕ್‌ಡೌನ್‌ನಲ್ಲಿ ಪ್ರವೇಶ ಶುಲ್ಕದ ಆದಾಯ ನಿಂತಾಗ ಸಾರ್ವಜನಿಕ ಮನವಿಗೆ ಓಗೊಟ್ಟು ದತ್ತು ಪಡೆದವರ ನೆರವು ದೊಡ್ಡದು. ಅದು ಒಳ್ಳೆಯ ಕೆಲಸ, ಆದರೆ ಆ ಹಣ ಹೋಗುವುದು ಆವರಣದೊಳಗಿನ ಪ್ರಾಣಿಯ ಆಹಾರ, ಆರೈಕೆಗೆ, ಕಾಡಿನೊಳಗಿನ ಪ್ರಾಣಿಗಲ್ಲ. ಸದಸ್ಯರಿಗೆ ಈ ವ್ಯತ್ಯಾಸ ತಿಳಿಸಿ ಕೊಟ್ಟರೆ ತಪ್ಪಿಲ್ಲ. ಕಳ್ಳಬೇಟೆ ತಡೆ ಶಿಬಿರದ ವಾಚರ್‌ಗಳಿಗೆ ಮಳೆಕೋಟು, ಬೂಟು, ಟಾರ್ಚು ಕೊಡಬೇಕೆಂದಿದ್ದರೆ ಅರಣ್ಯಾಧಿಕಾರಿಗಳ ಕೈಗೆ ನಗದು ಕೊಡುವ ಪ್ರಶ್ನೆಯೇ ಬರಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಹುಲಿ ಸಂರಕ್ಷಿತ ಪ್ರದೇಶಗಳಿಗೆ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳಿವೆ. ದೇಣಿಗೆಯನ್ನು ಅವುಗಳ ಮೂಲಕ ರಸೀದಿ ಪಡೆದು ಸಲ್ಲಿಸಿ. ಶಿಬಿರಕ್ಕೆ ಏನು ಬೇಕು ಎಂದು ಮುಂಚೆ ಕೇಳಿಕೊಳ್ಳಿ, ಇಲ್ಲವಾದರೆ ಒಂದೇ ಶಿಬಿರಕ್ಕೆ ಮೂರು ಸಂಘಗಳ ಟಾರ್ಚು ಹೋಗಿ, ಪಕ್ಕದ ಶಿಬಿರದವರು ಹರಿದ ಬೂಟಿನಲ್ಲೇ ಗಸ್ತು ತಿರುಗುತ್ತಾರೆ.

ಸಂಸ್ಥೆಯನ್ನು ಆರಿಸುವಾಗ ಕಾಗದಪತ್ರಗಳನ್ನು ನೋಡುವುದು ಅಗತ್ಯ: ಟ್ರಸ್ಟ್ ಅಥವಾ ಸೊಸೈಟಿಯ ನೋಂದಣಿ, ಆದಾಯ ತೆರಿಗೆ ಇಲಾಖೆಯ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ನೋಂದಣಿ, ಲೆಕ್ಕಪರಿಶೋಧಕರು ಸಹಿ ಮಾಡಿದ ಮೂರು ವರ್ಷಗಳ ಲೆಕ್ಕ. ಆದರೆ ಕಾಗದ ಸರಿಯಿದ್ದ ಮಾತ್ರಕ್ಕೆ ಕೆಲಸ ಸರಿಯಿದೆ ಎಂದಾಗುವುದಿಲ್ಲ. ಅವರು ಕೆಲಸ ಮಾಡುವ ಊರಿಗೆ ನಿಮ್ಮಲ್ಲಿ ಇಬ್ಬರು ಹೋಗಿ, ಸಂಸ್ಥೆಯವರು ಜೊತೆಗಿಲ್ಲದಾಗ ಅಲ್ಲಿನ ಜನರನ್ನು ಮಾತಾಡಿಸಿ. ಸಂಸ್ಥೆಯ ಸಿಬ್ಬಂದಿಯಲ್ಲಿ ಆ ಭಾಗದವರು ಎಷ್ಟಿದ್ದಾರೆ, ಎಷ್ಟು ವರ್ಷದಿಂದ ಇದ್ದಾರೆ ಎಂದು ವಿಚಾರಿಸಿ. ಹಾವನ್ನು ಕೊರಳಿಗೆ ಸುತ್ತಿಕೊಂಡ, ಚಿರತೆ ಮರಿಯನ್ನು ತಬ್ಬಿಕೊಂಡ ಚಿತ್ರಗಳಿಂದ ಹಣ ಕೇಳುವವರಿಂದ ದೂರವಿರಿ. ಕಾಡುಪ್ರಾಣಿಯ ಹಿತ ಬಲ್ಲವರು ಅದನ್ನು ಮುಟ್ಟಲೇಬೇಕಾದ ಸಂದರ್ಭಗಳನ್ನು ಆದಷ್ಟು ಕಡಿಮೆ ಮಾಡಲು ನೋಡುತ್ತಾರೆ, ಪ್ರದರ್ಶಿಸುವುದಿಲ್ಲ. ನೀವು ಕೊಟ್ಟ ಪ್ರತಿ ಪೈಸೆಯೂ ನೇರ ಕಾಡಿಗೆ, ಕಚೇರಿ ಖರ್ಚು ಸೊನ್ನೆ ಎನ್ನುವವರನ್ನೂ ನಾನು ಸಂಶಯದಿಂದಲೇ ನೋಡುತ್ತೇನೆ. ಲೆಕ್ಕ ಬರೆಯುವವರಿಗೂ ಸಂಬಳ ಬೇಕು, ಮತ್ತು ಲೆಕ್ಕ ಚೆನ್ನಾಗಿ ಬರೆಯುವ ಸಂಸ್ಥೆಯೇ ನಿಮ್ಮ ಹಣಕ್ಕೆ ಉತ್ತರ ಕೊಡಬಲ್ಲದು. ಹುಲಿ, ಆನೆಗಳಿಗೆ ಹಣ ಬೇಗ ಸಿಗುತ್ತದೆ ಎಂಬುದೂ ನೆನಪಿರಲಿ. ರಾಮನಗರದ ರಾಮದೇವರಬೆಟ್ಟದ ರಣಹದ್ದುಗಳು, ಉತ್ತರ ಕನ್ನಡದ ಅಘನಾಶಿನಿ ಕಣಿವೆಯ ಸಿಂಗಳೀಕಗಳು, ನಮ್ಮ ಹೊಳೆಗಳ ನೀರುನಾಯಿಗಳು ಇವುಗಳ ಮೇಲೆ ಕೆಲಸ ಮಾಡುವವರಿಗೆ ಸಣ್ಣ ಮೊತ್ತವೂ ದೊಡ್ಡದೇ.

ಇನ್ನು ಹಣದ ದಾರಿ. ಖಜಾಂಚಿಯವರ ಸ್ವಂತ ಉಳಿತಾಯ ಖಾತೆಗೆ ಹಣ ಹಾಕಿಸಿಕೊಳ್ಳುವ ಯೋಚನೆಯನ್ನು ದಯವಿಟ್ಟು ಇಂದೇ ಕೈಬಿಡಿ. ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ 50,000 ರೂಪಾಯಿಗಿಂತ ಹೆಚ್ಚು ಉಚಿತವಾಗಿ ಬಂದ ಹಣವನ್ನು ಆದಾಯ ತೆರಿಗೆ ಕಾನೂನು ಆದಾಯವೆಂದು ಎಣಿಸುತ್ತದೆ. ಅದು ತನ್ನದಲ್ಲ, ಬರೀ ದಾಟಿಸಿದ್ದು ಎಂದು ರುಜುವಾತುಪಡಿಸುವ ಹೊರೆ ಆ ವ್ಯಕ್ತಿಯ ಮೇಲೆ ಬೀಳುತ್ತದೆ. ಜೊತೆಗೆ, ಅವರ ಖಾತೆಯಿಂದ ಸಂಸ್ಥೆಗೆ ಹಣ ಹೋದರೆ ರಸೀದಿಯೂ ಅವರೊಬ್ಬರ ಹೆಸರಿಗೇ ಬರುತ್ತದೆ, ಉಳಿದ ದಾನಿಗಳಿಗೆ ಯಾವ ದಾಖಲೆಯೂ ಉಳಿಯುವುದಿಲ್ಲ. ಪ್ರತಿಯೊಬ್ಬ ಸದಸ್ಯನೂ ನೇರವಾಗಿ ಸಂಸ್ಥೆಯ ಖಾತೆಗೇ ಕೊಡುವಂತೆ ಮಾಡಿ, ನಿಮ್ಮ ಸಂಘದ ಹೆಸರನ್ನು ಗುರುತಿಗಾಗಿ ನಮೂದಿಸಲು ಹೇಳಿ. ಸಂಘದ ಪಾತ್ರ ಮನವೊಲಿಸುವುದಕ್ಕೆ, ಲೆಕ್ಕ ಕೇಳುವುದಕ್ಕೆ ಸೀಮಿತವಾಗಿರಲಿ.

ಜನ 80ಜಿ ಎಂದೇ ಬಲ್ಲ ತೆರಿಗೆ ರಿಯಾಯಿತಿಯ ಬಗ್ಗೆ ಹೆಚ್ಚಿನ ಆಸೆ ಹುಟ್ಟಿಸಬೇಡಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ತತ್ವ ಅದೇ. ಸಾಮಾನ್ಯವಾಗಿ ಇಂಥ ಸಂಸ್ಥೆಗಳಿಗೆ ಕೊಟ್ಟ ಹಣದ ಅರ್ಧದಷ್ಟನ್ನು, ಆದಾಯದ ಒಂದು ಮಿತಿಯೊಳಗೆ, ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಬಹುದು. ಅಂದರೆ 10,000 ರೂಪಾಯಿ ಕೊಟ್ಟವರಿಗೆ 5,000 ಕಳೆಯಲು ಸಿಗುತ್ತದೆ. ಶೇ 30ರ ಹಂತದಲ್ಲಿರುವವರಿಗೆ ಉಳಿಯುವ ತೆರಿಗೆ ಸುಮಾರು 1,500 ರೂಪಾಯಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದೂ ಇಲ್ಲ, ಮತ್ತು ಇಂದು ಬಹಳಷ್ಟು ಸಂಬಳದಾರರು ಆ ಪದ್ಧತಿಯಲ್ಲೇ ಇದ್ದಾರೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೂ, ವಸ್ತುರೂಪದ ದೇಣಿಗೆಗೂ ರಿಯಾಯಿತಿ ಇಲ್ಲ. ಹಳೆಯ ಪದ್ಧತಿಯಲ್ಲಿರುವವರು ತಮ್ಮ ಪ್ಯಾನ್ ಸಂಖ್ಯೆಯನ್ನು ಸಂಸ್ಥೆಗೆ ಕೊಟ್ಟು, ಇದುವರೆಗೆ 10ಬಿಇ ಎಂದು ಕರೆಯುತ್ತ ಬಂದ ಪ್ರಮಾಣಪತ್ರವನ್ನು ಆರ್ಥಿಕ ವರ್ಷ ಮುಗಿದ ಮೇಲೆ ತಪ್ಪದೆ ಪಡೆದುಕೊಳ್ಳಲಿ; ಬರೀ ರಸೀದಿ ಸಾಲದು.

ವಿದೇಶದಲ್ಲಿರುವ ಗೆಳೆಯರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಪೆಟ್ಟು ಬೀಳುವುದು ಸಂಸ್ಥೆಯ ನೋಂದಣಿಗೇ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ದೃಷ್ಟಿಯಲ್ಲಿ ಮುಖ್ಯವಾದದ್ದು ವಾಸಸ್ಥಳವಲ್ಲ, ಪೌರತ್ವ. ದುಬೈಯಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಗೆಳೆಯ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಗೆಳತಿ ಕೊಟ್ಟರೆ, ಆಕೆಯ ಬಳಿ ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ವಂತಿಗೆಯೇ. ಅಲ್ಲಿನ ಕನ್ನಡ ಕೂಟವೊಂದು ತನ್ನ ನಿಧಿಯಿಂದ ಕೊಟ್ಟರೂ ಅಷ್ಟೇ. ಇಂಥ ಹಣವನ್ನು ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ, ಅದೂ ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿರುವ ನಿಗದಿತ ಖಾತೆಯ ಮೂಲಕವೇ ಸ್ವೀಕರಿಸಬಹುದು. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಹೀಗೆ ಪಡೆದ ಹಣವನ್ನು ಮತ್ತೊಂದಕ್ಕೆ ವರ್ಗಾಯಿಸುವಂತಿಲ್ಲ. ಆದ್ದರಿಂದ ಅಮೆರಿಕದವರ ಹಣ ಬೇಕೆಂದಿದ್ದರೆ ಆ ನೋಂದಣಿ ಇರುವ ಸಂಸ್ಥೆಯನ್ನೇ ಆರಿಸಿ, ಅವರು ನೇರವಾಗಿ ಅಲ್ಲಿಗೇ ಕೊಡಲಿ. ಗೆಳೆಯನೊಬ್ಬನ ಖಾತೆಗೆ ಕಳಿಸಿ ಅವನ ಹೆಸರಿನಲ್ಲಿ ಕೊಡಿಸುವ ಒಳದಾರಿಯನ್ನು ಯಾರೇ ಸೂಚಿಸಿದರೂ ಒಪ್ಪಬೇಡಿ.

ಲಕ್ಕಿ ಡಿಪ್ ಬೇಡ. ಟಿಕೆಟ್ ಮಾರಿ ಅದೃಷ್ಟದಿಂದ ಬಹುಮಾನ ಕೊಡುವುದು ಲಾಟರಿಯೆಂದೇ ಎಣಿಸಲ್ಪಡುವ ಸಾಧ್ಯತೆಯಿದೆ, ಮತ್ತು ಕರ್ನಾಟಕದಲ್ಲಿ 2007ರಿಂದ ಲಾಟರಿಗೆ ನಿಷೇಧವಿದೆ. ಸಂಗೀತ ಸಂಜೆಯನ್ನು ನಡೆಸಿ, ಆದರೆ ಅದನ್ನು ಹಣದ ಮೂಲವೆಂದು ಭಾವಿಸದೆ ಹೊಸ ದಾನಿಗಳನ್ನು ಕೂಡಿಸುವ ಸಂದರ್ಭವೆಂದು ಭಾವಿಸಿ. ಸಭಾಂಗಣದ ಬಾಡಿಗೆ, ಧ್ವನಿವರ್ಧಕ, ಊಟದ ಖರ್ಚನ್ನು ಪ್ರಾಯೋಜಕರೊಬ್ಬರು ವಹಿಸಿಕೊಂಡರೆ ಮಾತ್ರ ಟಿಕೆಟಿನ ಹಣ ಉಳಿಯುತ್ತದೆ; ಇಲ್ಲವಾದರೆ ತಿಂಗಳುಗಟ್ಟಲೆ ದುಡಿದು ಶಾಮಿಯಾನದವರಿಗೆ ಕೊಟ್ಟಂತಾಗುತ್ತದೆ. ಟಿಕೆಟ್ ಕೊಂಡವರಿಗೆ ಅದು ದೇಣಿಗೆಯಲ್ಲವೆಂದು, ತೆರಿಗೆ ರಿಯಾಯಿತಿ ಇಲ್ಲವೆಂದು ಟಿಕೆಟಿನ ಮೇಲೆಯೇ ಅಚ್ಚು ಮಾಡಿಸಿ. ದೊಡ್ಡ ಕಂಪನಿಗಳಲ್ಲಿರುವ ಸದಸ್ಯರು, ನೌಕರರು ಕೊಟ್ಟಷ್ಟನ್ನೇ ಕಂಪನಿಯೂ ಸೇರಿಸಿ ಕೊಡುವ ಪದ್ಧತಿ ತಮ್ಮಲ್ಲಿದೆಯೇ ಎಂದು ವಿಚಾರಿಸಲಿ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಡಿ ದೊಡ್ಡ ಕಂಪನಿಗಳು ಖರ್ಚು ಮಾಡಬೇಕಾದ, ಲಾಭದ ಶೇ 2ರ ಸಾಮಾಜಿಕ ಹೊಣೆಗಾರಿಕೆ ನಿಧಿಯ ವ್ಯಾಪ್ತಿಯಲ್ಲಿ ಸಸ್ಯ ಮತ್ತು ಪ್ರಾಣಿ ಸಂರಕ್ಷಣೆಯೂ ಸೇರಿದೆ.

ಕೊಟ್ಟ ಮೇಲೆ ದಾನಿಗಳಿಗೆ ವರದಿ ಬೇಕು. ಮೂರು ತಿಂಗಳಿಗೊಮ್ಮೆ ಒಂದು ಪುಟ ಸಾಕು: ಯಾರಿಗೆ ಸಂಬಳ ಹೋಯಿತು, ಏನು ಕೆಲಸವಾಯಿತು, ಏನು ಆಗಲಿಲ್ಲ. ಆಗಲಿಲ್ಲ ಎಂಬ ಭಾಗವಿಲ್ಲದ ವರದಿಯನ್ನು ಸಂಸ್ಥೆಗೆ ಹಿಂತಿರುಗಿಸಿ ಮತ್ತೆ ಕೇಳಿ. ಅಪರೂಪದ ಪ್ರಾಣಿಯ ಗೂಡು, ಗುಹೆ ಎಲ್ಲಿದೆ ಎಂಬ ವಿವರವಿರುವ ಚಿತ್ರಗಳನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಬೇಡಿ. ಆನೆ ದಾಳಿಯಲ್ಲಿ ಮನೆಯವರನ್ನು ಕಳೆದುಕೊಂಡವರ ಚಿತ್ರವನ್ನು, ಹಣ ಎಷ್ಟೇ ಬರುವಂತಿದ್ದರೂ, ಮನವಿಗೆ ಬಳಸಬೇಡಿ.

ಸಮ್ಮಿಲನಕ್ಕೆ ಇನ್ನೂ ಸಮಯವಿರುವುದರಿಂದ, ಹಣ ಕೇಳುವುದಕ್ಕೆ ಮೊದಲು ಎರಡು ಅಥವಾ ಮೂರು ಸಂಸ್ಥೆಗಳಿಗೆ ಪತ್ರ ಬರೆಯಿರಿ. ತಿಂಗಳಿಗೆ 40,000 ರೂಪಾಯಿಯಂತೆ ಮೂರು ವರ್ಷ ಕೊಡುವ ಸಾಧ್ಯತೆಯಿದೆ, ಈ ಹಣದಿಂದ ನೀವು ಯಾರನ್ನು ನೇಮಿಸುತ್ತೀರಿ, ಅವರು ಪ್ರತಿದಿನ ಮಾಡುವ ಕೆಲಸವೇನು, ನಾವು ನಾಲ್ಕನೇ ವರ್ಷ ನಿಲ್ಲಿಸಿದರೆ ಅವರ ಗತಿಯೇನು ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಯೋಚಿಸಿ ಉತ್ತರ ಬರೆದವರನ್ನು ಜನವರಿಯ ಸಮ್ಮಿಲನಕ್ಕೆ ಕರೆಯಿರಿ. ಬರುವಾಗ ಸಂಸ್ಥೆಯ ಮುಖ್ಯಸ್ಥರ ಜೊತೆಗೆ, ಕಾಡಂಚಿನಲ್ಲಿ ಕೆಲಸ ಮಾಡುವ ಒಬ್ಬರನ್ನಾದರೂ ಕರೆತಂದು ವೇದಿಕೆಯಲ್ಲಿ ಮಾತಾಡಿಸಬೇಕೆಂದು ಪತ್ರದಲ್ಲೇ ತಿಳಿಸಿ.